ಒಂದು ಸಲವೂ ಬಸ್ಸು ತಪ್ಪಿಸಿಕೊಳ್ಳದವನು

ಗೇಟಿನ ಹತ್ತಿರ ಹಾರನ್ ಆದಾಗ ರವಿಚಂದ್ರನ ಅರ್ಧ ಮುಖದ ಮೇಲೆ ಮಾತ್ರ ನೊರೆ ಇತ್ತು. ಇನ್ನರ್ಧ ಆಗಲೇ ನುಣ್ಣಗಾಗಿ, ಕನ್ನಡಿಯೊಳಗಿಂದ ಅವನನ್ನ ಯಾರೋ ಪರಿಚಯ ಇಲ್ಲದವನ ಹಾಗೆ ನೋಡ್ತಿತ್ತು. ಎರಡು ಸಣ್ಣ ಹಾರನ್ ಅಂದ್ರೆ ಬಸ್ಸು ಬಂತು ಅಂತ. ಅದಾದ ಮೇಲೆ ಒಂದು ಉದ್ದದ್ದು ಆದ್ರೆ, ಮೇಷ್ಟ್ರೇ ನಿಧಾನಕ್ಕೆ ಬನ್ನಿ, ನಾವೇನು ಓಡಿಹೋಗಲ್ಲ ಅಂತ. ಬೇರೆ ಊರುಗಳಲ್ಲಿ ಉದ್ದ ಹಾರನ್ನಿಗೆ ಇದರ ಉಲ್ಟಾ ಅರ್ಥ ಇದ್ದರೂ ಇರಬಹುದು. ಕೆಂಪನಕೊಪ್ಪಲು ಗೇಟ್ ಅನ್ನೋ ಈ ಸ್ಟಾಪಿನಲ್ಲಿ ಇದೇ ಅರ್ಥ. ಉದ್ದದ್ದೂ ಆಯಿತು. ಅವನು ಬ್ಲೇಡು ತೊಳೆದು, ಉಳಿದ ಕೆನ್ನೆಗೆ ಕೈ ಹಾಕದೆ ಹಾಗೇ ನಿಂತ. ಮಳವಳ್ಳಿಯಲ್ಲಿ ಇವತ್ತು ಪಿಯುಸಿ ಮಕ್ಕಳ ಚರ್ಚಾಸ್ಪರ್ಧೆ. ಅವನು ತೀರ್ಪುಗಾರ, ಮೊದಲು ನಾಲ್ಕು ಮಾತೂ ಆಡಬೇಕು. ಆ ನಾಲ್ಕು ಮಾತೇ ಎರಡು ದಿನದಿಂದ ಅವನಿಗೆ ಹೊಳೀತಿರಲಿಲ್ಲ. ವಿಷಯ, 'ಉನ್ನತ ಶಿಕ್ಷಣಕ್ಕೆ ಬೇಕಾದದ್ದು ಛಲ, ಹಿನ್ನೆಲೆ ಅಲ್ಲ'. ಇಂಥ ಕಡೆ ತನ್ನ ಬಾಲ್ಯ ಹೇಳೋದು ಅವನ ರೂಢಿ. ಮೊದಮೊದಲು ಹೇಳುವಾಗ ಅವರ ಮನೆಗೆ ಹೆಂಚಿತ್ತು. ಎರಡು ಮೂರು ಸಭೆ ಕಳೆಯೋ ಹೊತ್ತಿಗೆ ಹೆಂಚು ಸೋರೋದಕ್ಕೆ ಶುರುವಾಯಿತು. ಹೋದ ವರ್ಷ ಯಾಕೋ ಜನ ತಣ್ಣಗೆ ಕೂತಿದ್ದರು ಅಂತ ಬಾಯಿತಪ್ಪಿ ಅದು ಸೋಗೆ ಮನೆ ಆಗಿಹೋಗಿತ್ತು. ಅಪ್ಪ ಕಟ್ಟಿಸಿದ ತೊಟ್ಟಿಮನೆಯ ಬಚ್ಚಲಲ್ಲಿ ನಿಂತು, ಈ ವರ್ಷ ಇನ್ನೇನು ಉಳಿದಿದೆ ತೆಗೆಯೋದಕ್ಕೆ ಅಂತ ಅವನು ಯೋಚಿಸ್ತಿದ್ದ. ಹಾಗೆ ನೋಡಿದರೆ ಅಷ್ಟೂ ಭಾಷಣದಲ್ಲಿ ಒಂದು ಮಾತು ಮಾತ್ರ ಅಪ್ಪಟ ಸತ್ಯ: ಓದೋ ಕಾಲದಲ್ಲಿ ಅವನು ಒಂದು ದಿನವೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ.

"ಎಷ್ಟೊತ್ರೀ, ಜನ ಕಾಯ್ತಾವ್ರೆ," ಅಂತ ಅಡುಗೆಮನೆಯಿಂದ ಹೆಂಡತಿ ವೀಣ ಕೂಗಿದಳು. ಕೂಗಿದಳು ಅಷ್ಟೆ, ಇಡ್ಲಿ ಬೇಯೋಕೆ ಇನ್ನೂ ಟೈಮಿತ್ತು.

ಬಸ್ಸು ಕಾಯೋದು ಅವನು ಕೇಳಿ ಪಡೆದದ್ದಲ್ಲ. ಅಪ್ಪ ಪಂಚಾಯ್ತಿ ಚೇರ್ಮನ್ ಆಗಿದ್ದಾಗ ಪೂರಿಗಾಲಿ ಕಡೆಯಿಂದ ಮಳವಳ್ಳಿಗೆ ಈ ಬಸ್ಸು ಹಾಕಿಸಿದ್ದರು. ಮೊದಲ ಮಾಲೀಕ ತೆಂಗಿನಕಾಯಿ ಒಡೆದು, ಅವರ ಕೈ ಹಿಡಿದು, ಈ ಮನೆಯವರು ಹತ್ತದೆ ನನ್ನ ಬಸ್ಸಿನ ಚಕ್ರ ಉರುಳಿದ್ರೆ ಕೇಳಿ ಅಂದನಂತೆ. ಆಮೇಲೆ ಬಸ್ಸು ಎಷ್ಟು ಕೈ ಬದಲಾಯಿತೋ, ಬಣ್ಣ ಬದಲಾಯಿತು, ಕೊನೆಗೆ ಬಸ್ಸೇ ಬದಲಾಯಿತು. ಮಾತು ಮಾತ್ರ ಪರ್ಮಿಟ್ಟಿನ ಜೊತೆಗೇ ಬಂತು. ಅಪ್ಪ ತೀರಿಕೊಂಡ ದಿನ ಬಸ್ಸು ಮಣ್ಣಾಗೋವರೆಗೂ ನಿಂತಿತ್ತು, ಪ್ಯಾಸೆಂಜರುಗಳೆಲ್ಲ ಇಳಿದು ಒಂದೊಂದು ಹಿಡಿ ಮಣ್ಣು ಹಾಕಿ ಹೋದರು, ಅದರಲ್ಲಿ ಅರ್ಧ ಜನಕ್ಕೆ ಸತ್ತವರು ಯಾರು ಅಂತ ಗೊತ್ತಿರಲಿಲ್ಲ. ಒಂದು ಸಲ ಅವನು ಮೈಸೂರಿನಲ್ಲಿ ಮದುವೆಗೆ ಹೋಗಿ ಉಳಿದುಕೊಂಡಿದ್ದಾಗಲೂ ಬಸ್ಸು ಎಂದಿನ ಹಾಗೆ ಬಂದು, ಎಂದಿನಷ್ಟು ಹೊತ್ತು ಕಾದು, ಎಂದಿನ ಹಾಗೆ ಲೇಟಾಗಿ ಹೋಗಿತ್ತು. ಈ ತಾಲ್ಲೂಕಲ್ಲಿ ಎಲ್ಲರ ತಾತಂದಿರೂ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋದವರೇ. ಅವನ ತಾತ ಮಾತ್ರ ಹೋಗೋವಷ್ಟರಲ್ಲಿ ಎಲ್ಲ ಮುಗಿದಿತ್ತು ಅಂತ ಅಪ್ಪ ನಗ್ತಿದ್ದರು, ಆಗ ಬಸ್ಸಿರಲಿಲ್ಲ ಕಣಪ್ಪ ಅಂತ. ಆ ನಗು ಯಾಕೆ ಈಗ ನೆನಪಾಯಿತೋ. ಅವನು ಉಳಿದ ಕೆನ್ನೆ ಕೆರೆದು, ಇಡ್ಲಿ ತಿಂದು, ಸಾಕ್ಸ್ ಹುಡುಕಿ ಗೇಟಿಗೆ ಬಂದಾಗ ಡ್ರೈವರ್ ರಿಯಾಜ್ ಪಟ್ಟಲಮ್ಮನ ಟೀ ಅಂಗಡಿಯಲ್ಲಿ ಕೂತು ಎರಡನೇ ಲೋಟ ಮುಗಿಸಿ ಬಾಯಿ ಒರೆಸಿಕೊಳ್ತಿದ್ದ.

ಹತ್ತುವಾಗಲೇ ಒಳಗಿಂದ ಹೆಣ್ಣುದನಿ ಕೇಳಿತು. "ಅಪ್ಪಣ್ಣೋ, ಒಸಿ ಬಿರ್ನೆ ಬುಡಣ್ಣ. ಲೇಟಾದ್ರೆ ಮಾರ್ಕ್ಸ್ ಕಳೀತಾರೆ ಕಣಣ್ಣ."

"ಮೇಷ್ಟ್ರು ಬರ್ದೆ ಎಂಗವ್ವ ಬುಡದು?" ಅಂದ ಕಂಡಕ್ಟರ್ ಅಪ್ಪು. ಮೇಷ್ಟ್ರ ತಲೆ ಕಂಡದ್ದೇ ದನಿ ಎತ್ತರಿಸಿದ. "ಏ, ಬಂದ್ರು ಬಂದ್ರು. ಏಳವ್ವ, ಮೇಷ್ಟ್ರಿಗೆ ಜಾಗ ಬುಡು."

ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿ ಎದ್ದಳು. ಬಸ್ಸಿನಲ್ಲಿ ಎದ್ದು ಅಭ್ಯಾಸ ಇದ್ದವರ ಹಾಗೆ ಎದ್ದಳು. ಅವನು ಪರವಾಗಿಲ್ಲ ಕೂತ್ಕೋ ಅನ್ನೋ ಹೊತ್ತಿಗೆ ಆಗಲೇ ಕೂತಿದ್ದ; ಮಾತಿಗಿಂತ ಸೊಂಟ ಮುಂದಿತ್ತು. ಸೀಟು ಬೆಚ್ಚಗಿತ್ತು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ಶಿವನಂಜಮ್ಮ, ನಿಂತ ಹುಡುಗಿಯ ಜೊತೆ ಬಿಟ್ಟ ಮಾತು ಮುಂದುವರೆಸಿದಳು. "ಅಲ್ಲ ಕಣ್ ಚಂದನ, ಗೆದ್ರೆ ಏನ್ ಕೊಟ್ಟಾರು?"

"ಮಂಡ್ಯದ ಟ್ರಸ್ಟ್ನೋರು ಡಿಗ್ರಿ ಮುಗಿಯೋಗಂಟ ಓದುಸ್ತಾರಂತೆ ಕಣಜ್ಜಿ. ಊಟ, ಆಸ್ಟ್ಲು, ಎಲ್ಲ ಅವ್ರ್ದೇಯ."

"ಗೆಲ್ದಿದ್ರೆ?"

"ಅಪ್ಪ ಯೋಳೈತೆ. ಅತ್ತೆ ಮನೇಗೆ ಓಗಿ ರೇಸ್ಮೆ ಹುಳಕ್ಕೆ ಸೊಪ್ಪಾಕದು."

"ನಿಮ್ಮಪ್ಪ ಮಾದಯ್ಯ ಯೋಳಿದ್ಮೇಲೆ ಆಯ್ತು ಬುಡು. ಸೊಪ್ಪಾಕದೇನ್ ಕಡ್ಮೆ ಕೆಲ್ಸ್ವಾ," ಅಂದಳು ಮುದುಕಿ. ಹುಡುಗಿ ನಕ್ಕು, ಮೇಲಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸೋಕೆ ಶುರುಮಾಡಿದಳು. ಮಂತ್ರ ಇರಬೇಕು ಅಂದುಕೊಂಡ ರವಿಚಂದ್ರ. ಆಮೇಲೆ ಬಿಡಿಬಿಡಿಯಾಗಿ ಕೇಳಿತು: 'ಮಾನ್ಯ ತೀರ್ಪುಗಾರರೇ...' ತೀರ್ಪುಗಾರನ ಮೊಣಕಾಲಿಗೆ ಅವಳ ಚೀಲ ತಾಗುತ್ತಾ ಇತ್ತು. ನಾನೇ ಕಣಮ್ಮ ಅದು ಅಂತ ಹೇಳಬೇಕು ಅನ್ನಿಸಿತು. ಹೇಳಿದರೆ ಇವಳು ಗಾಬರಿಯಾಗ್ತಾಳೆ ಅಂತ ಸುಮ್ಮನಾದ. ಹೀಗೆ ಬೇರೆಯವರ ಒಳ್ಳೇದಕ್ಕೆ ಸುಮ್ಮನಾಗೋದು ಅವನಿಗೆ ಮೊದಲಿನಿಂದಲೂ ಬರ್ತಿತ್ತು.

ಮಳವಳ್ಳಿ ಸ್ಟ್ಯಾಂಡಿನಲ್ಲಿ ಅವನಿಗೆ ಅಂತ ಕಾರು ಬಂದಿತ್ತು. ಕಾರ್ಯಕ್ರಮ ಮದ್ದೂರು ರಸ್ತೆಯ ಆ ತುದಿಯ ಸಮುದಾಯ ಭವನದಲ್ಲಿ. ಪೇಟೆ ಬೀದಿಯಲ್ಲಿ ಟೊಮೆಟೊ ಗಾಡಿಗಳ ನಡುವೆ ಕಾರು ತೆವಳುವಾಗ ಆ ಹುಡುಗಿ ಪಕ್ಕದಲ್ಲೇ ಓಡ್ತಿದ್ದಳು. ಕಾರಿನ ಹಿಂದಿನ ಸೀಟು ಪೂರ್ತಿ ಖಾಲಿ. ಹತ್ತಿಸಿಕೊಳ್ಳೋಣ ಅನ್ನಿಸಿತು. ತೀರ್ಪುಗಾರನ ಕಾರಿನಿಂದ ಸ್ಪರ್ಧಿ ಇಳಿದರೆ ಜನ ಏನಂತಾರೆ? ಅವಳಿಗೇ ಅನ್ಯಾಯ ಆಗಲ್ವಾ? ಇದನ್ನ ಎರಡೂ ಕಡೆಯಿಂದ ಅವನು ನ್ಯಾಯವಾಗಿ ತೂಗ್ತಾ ಇರುವಾಗಲೇ ಗಾಡಿಗಳು ಸರಿದು, ಕಾರು ಮುಂದಕ್ಕೆ ಹಾರಿ, ಹುಡುಗಿ ಕನ್ನಡಿಯಲ್ಲಿ ಸಣ್ಣಗಾದಳು.

ವೇದಿಕೆ ಮೇಲೆ ಇನ್ನೊಬ್ಬ ತೀರ್ಪುಗಾರರು ಹೊಂಬಾಳಮ್ಮ, ರಿಟೈರ್ ಆದ ಹೆಡ್ಮಿಸ್ಸು, ಆಗಲೇ ಕೂತಿದ್ದರು. ಅರ್ಧ ತಾಲ್ಲೂಕಿಗೆ ಬೆತ್ತದ ರುಚಿ ತೋರಿಸಿದವರು, ರವಿಚಂದ್ರನಿಗೂ. ಅವರ ಪಕ್ಕ ಕೂತಾಗ ಅವನ ಅಂಗೈ ಈಗಲೂ ತಾನಾಗೇ ಮುಚ್ಚಿಕೊಳ್ತಿತ್ತು. ಅವರು ನಿಯಮ ಓದಿದರು. ತಡವಾಗಿ ಬಂದವರಿಗೆ ಐದು ಅಂಕ ಕಡಿತ. ಕಾರಣ ಸರಿಯಾಗಿದೆ ಅಂತ ತೀರ್ಪುಗಾರರಿಗೆ ಅನ್ನಿಸಿದರೆ ಮಾತ್ರ ಮಾಫಿ. ಆಮೇಲೆ ರವಿಚಂದ್ರ ಎದ್ದ. ಮನೆಯ ವಿಷಯಕ್ಕೆ ಕೈ ಹಾಕಲಿಲ್ಲ. ಸೋಗೆಯಿಂದ ಕೆಳಗಿಳಿಸಿದರೆ ಮರದ ಕೆಳಗೆ ಮಲಗಬೇಕಾಗಿತ್ತು. ನೇರವಾಗಿ ಸತ್ಯಕ್ಕೇ ಬಂದ. "ಮಕ್ಕಳೇ, ನಾನು ಹಳ್ಳಿಯವನು. ಇರೋದೊಂದೇ ಬಸ್ಸು. ಮಳೆಯಿರಲಿ, ಜ್ವರ ಇರಲಿ, ಓದೋ ಕಾಲದಲ್ಲಿ ನಾನು ಒಂದೇ ಒಂದು ಸಲ ಬಸ್ಸು ತಪ್ಪಿಸಿಕೊಂಡವನಲ್ಲ. ನನ್ನ ಹತ್ರ ಬೇರೇನೂ ಇರಲಿಲ್ಲ, ಸಮಯ ಇತ್ತು." ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಮಧ್ಯೆ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು, ಏದುಸಿರು ಬಿಡ್ತಾ, ಎಲ್ಲರೂ ತಟ್ಟುತ್ತಿದ್ದಾರೆ ಅಂತ ತಾನೂ ಎರಡು ಸಲ ತಟ್ಟಿ. ಆಮೇಲೆ ಅವನ ಮುಖ ನೋಡಿದಳು. ತಟ್ಟೋದು ನಿಲ್ಲಿಸಿದಳು.

"ಯಾಕಮ್ಮ ಲೇಟು?" ಅಂದರು ಹೊಂಬಾಳಮ್ಮ.

"ಪೂರಿಗಾಲಿ ಬಸ್ಸು ಲೇಟಾಯ್ತು ಮಿಸ್."

"ಮೇಷ್ಟ್ರೂ ಅದೇ ದಾರೀಲಿ ಬಂದವರೆ. ಅವರು ಟೈಮಿಗೆ ಬರ್ಲಿಲ್ವಾ?"

ಹುಡುಗಿ ಅವನನ್ನ ನೋಡಿದಳು. ಅವನು ಫ್ಯಾನ್ ನೋಡಿದ. ಫ್ಯಾನಿನ ಒಂದು ರೆಕ್ಕೆಗೆ ಯಾವುದೋ ಮದುವೆಯ ಬಣ್ಣದ ಕಾಗದ ಇನ್ನೂ ಅಂಟಿಕೊಂಡು ಸುತ್ತುತ್ತಿತ್ತು. ಈಗ ಬಾಯಿ ಬಿಟ್ಟರೆ ಸಭೆಯ ಮಧ್ಯೆ ರಗಳೆ. ಕೊನೆಗೆ ಅಂಕ ಕೂಡುವಾಗ ಮೆಲ್ಲಗೆ ಹೇಳಿದರಾಯಿತು ಅಂತ ಅವನು ತೀರ್ಮಾನ ಮಾಡಿದ. ಹೇಳ್ತೀನಿ ಅಂತ ಗಟ್ಟಿ ಮಾಡಿಕೊಂಡಿದ್ದಕ್ಕೇ ಅರ್ಧ ಹೇಳಿದಷ್ಟು ಹಗುರವಾಯಿತು.

"ಸರಿ, ಕೂತ್ಕೋ. ಕೊನೇಲಿ ನೋಡಣ," ಅಂದರು ಹೊಂಬಾಳಮ್ಮ.

ಪರ ಯಾರು, ವಿರೋಧ ಯಾರು ಅಂತ ಚೀಟಿ ಎತ್ತಿಸೋದು ಅಲ್ಲಿನ ಪದ್ಧತಿ. ಉಳಿದಿದ್ದ ಒಂದೇ ಚೀಟಿ ಚಂದನಳಿಗೆ ಬಂತು: ಪರ. ಅಂದರೆ ಛಲ ಒಂದಿದ್ದರೆ ಸಾಕು, ಹಿನ್ನೆಲೆ ಗಿನ್ನೆಲೆ ಎಲ್ಲ ನೆಪ ಅಂತ ಅವಳು ಮಾತಾಡಬೇಕು. ಅವಳಿಗೆ ಮುಂಚೆ ವಿರೋಧದ ಚೀಟಿ ಎತ್ತಿದ್ದ ಹುಡುಗ ಯತೀಶ್ ಎದ್ದ. ಮಂಡ್ಯದಲ್ಲಿ ಅವರಪ್ಪನ ನರ್ಸಿಂಗ್ ಹೋಮ್ ಇದೆ. ಅವರ ಮನೆ ಕಾರಿನ ಡ್ರೈವರ್ ಮುಂದಿನ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಹುಡುಗ ಅದ್ಭುತವಾಗಿ ಮಾತಾಡಿದ. ಚಿಮಣಿ ಬುಡ್ಡಿಯ ಹೊಗೆ, ಹರಿದ ಚೀಲ, ಹಸಿದ ಹೊಟ್ಟೆ, ಬಾರದ ಬಸ್ಸಿಗೆ ಕಾಯುತ್ತ ನಿಂತ ಹಳ್ಳಿಯ ಹೆಣ್ಣುಮಗಳು. 'ಅವಳ ಕಣ್ಣಲ್ಲಿ ಕನಸಿದೆ, ಕಾಲಡಿ ದಾರಿಯಿಲ್ಲ' ಅಂದಾಗ ಹೊಂಬಾಳಮ್ಮನವರೇ ಕನ್ನಡಕ ತೆಗೆದರು. ಸುಳ್ಳು ಹೇಳ್ತಿದ್ದಾನೆ ಅನ್ನೋ ಹಾಗಿಲ್ಲ, ಹುಡುಗನ ಕಣ್ಣಲ್ಲೂ ನೀರಿತ್ತು. ರವಿಚಂದ್ರನಿಗೆ ಹೊಟ್ಟೆಕಿಚ್ಚಾಯಿತು. ತನ್ನ ಸೋಗೆ ಮನೆ ಇವನ ಚಿಮಣಿ ಬುಡ್ಡಿಯ ಮುಂದೆ ಏನೇನೂ ಅಲ್ಲ.

ಚಂದನ ಮೈಕಿನ ಹತ್ತಿರ ಬಂದು ಅದನ್ನ ತನ್ನ ಎತ್ತರಕ್ಕೆ ಇಳಿಸಿಕೊಂಡಳು.

"ಯತೀಶ್ ಅವರು ಹೇಳಿದ್ರಲ್ಲ, ಆ ಹಳ್ಳೀಲೇ ನಾನಿರೋದು," ಅಂದಳು. "ಅಷ್ಟೊಂದು ಕತ್ಲೆ ಇಲ್ಲ ಅಲ್ಲಿ. ಕರೆಂಟದೆ." ಸಭೆ ಗೊಳ್ಳೆಂದಿತು. ಯತೀಶನೂ ನಕ್ಕ. "ಇವತ್ತು ನಾನು ಲೇಟಾಗಿ ಬಂದೆ. ಬಸ್ಸು ದಾರೀಲಿ ನಿಂತಿತ್ತು. ಯಾಕೆ ನಿಂತಿತ್ತು ಅಂತ ನಾನು ಹೇಳಿದ್ರೆ ಯತೀಶ್ ಅವರ ವಾದ ಗೆದ್ದಂಗೆ. ಅದಕ್ಕೇ ಹೇಳಲ್ಲ. ಛಲ ಇದ್ದಿದ್ರೆ ನಾನು ಇಳಿದು ನಡೀಬೋದಿತ್ತು. ಕೂತೇ ಇದ್ದೆ, ಆಮೇಲೆ ನಿಂತೇ ಇದ್ದೆ. ತಪ್ಪು ನಂದೇ." ಅಲ್ಲಿಗೆ ಅವಳು ತಿರುಗಿದಳು. ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ. ಅಂಗಡಿಯಲ್ಲಿ ಸಾಮಾನು ತೋರಿಸೋರ ಹಾಗೆ ಕೈ ತೋರಿಸಿದಳು. "ನಮ್ಮ ಮೇಷ್ಟ್ರನ್ನೇ ನೋಡಿ. ನಮ್ಮ ದಾರಿಯವರು. ಅದೇ ಬಸ್ಸು. ಒಂದು ಸಲಾನೂ ತಪ್ಪಿಸಿಕೊಂಡಿಲ್ವಂತೆ. ಬಸ್ಸು ಎಲ್ಲರಿಗೂ ಒಂದೇ ಅನ್ನೋಕೆ ಅವರಿಗಿಂತ ಸಾಕ್ಷಿ ಬೇಕಾ? ನನ್ನ ವಾದಕ್ಕೆ ಅವರೇ ಸಾಕ್ಷಿ."

ಭವನ ಹಾರಿಹೋಗೋ ಹಾಗೆ ಚಪ್ಪಾಳೆ. ಎಲ್ಲರೂ ಅವನ ಕಡೆ ತಿರುಗಿ ತಟ್ಟುತ್ತಿದ್ದರು. ಏನು ಮಾಡಬೇಕು ತಿಳಿಯದೆ ಅವನು ಎದ್ದು ನಿಂತು ಕೈ ಮುಗಿದ. ಮುಗಿದ ಕೈ ಬಿಡೋದು ಯಾವಾಗ ಅಂತ ಗೊತ್ತಾಗಲಿಲ್ಲ. ಅರ್ಧ ಬೋಳಿಸಿದ ಮುಖದಲ್ಲೇ ಬಂದುಬಿಟ್ಟಿದ್ದೀನೇನೋ ಅನ್ನಿಸಿ ಕೆನ್ನೆ ಮುಟ್ಟಿ ನೋಡಿಕೊಂಡ. ಎರಡೂ ಕಡೆ ನುಣ್ಣಗೇ ಇತ್ತು.

ಅಂಕ ಕೂಡಿದಾಗ ಚಂದನಳದ್ದೇ ಮೇಲೆ ಬಂತು. ಆದರೆ ಐದು ಕಳೆದರೆ ಯತೀಶನದ್ದು. ಹೊಂಬಾಳಮ್ಮ ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. "ಹುಡುಗಿ ಚೆನ್ನಾಗಿದಾಳೆ ಕಣೋ. ಕಾರಣ ಏನಾದ್ರೂ ಸರಿಯಾದ್ದು ಇದ್ರೆ ಬಿಟ್ಟುಬಿಡಣ. ನಿಂಗೇನಾದ್ರೂ ಗೊತ್ತಾ ಆ ಬಸ್ಸಿನ ವಿಷ್ಯ?"

ಈಗ ಹೇಳಬೇಕು. ಬಾಯಿಯನ್ನೂ ತೆರೆದ. ಹೇಳಿದರೆ ಏನಾಗುತ್ತೆ ಅನ್ನೋದು ಅವನಿಗೆ ಹೆದರಿಕೆಯಾಗಿ ಬರಲಿಲ್ಲ, ಹೆದರಿಕೆಯಾಗಿ ಬಂದಿದ್ದರೆ ಗುರುತು ಹಿಡೀತಿದ್ದ. ಅದು ತತ್ವವಾಗಿ ಬಂತು. ಹುಡುಗಿ ಅಷ್ಟು ಜನರ ಮುಂದೆ ನೆಪ ಹೇಳಲ್ಲ ಅಂದಿದ್ದಾಳೆ. ಈಗ ಹಿಂದಿನ ಬಾಗಿಲಿನಿಂದ ಅವಳ ಪರವಾಗಿ ನೆಪ ಹೇಳೋಕೆ ನಾನ್ಯಾರು? ಅದು ಅವಳ ಛಲಕ್ಕೆ ಮಾಡೋ ಅವಮಾನ ಅಲ್ಲವಾ? ಅವಳ ವಾದವನ್ನ ಅವಳಷ್ಟೇ ಗಂಭೀರವಾಗಿ ತಗೊಂಡವನು ಇಡೀ ಭವನದಲ್ಲಿ ತಾನೊಬ್ಬನೇ ಅಂತ ಅವನಿಗೆ ನಿಜವಾಗಲೂ ಅನ್ನಿಸಿತು.

"ಅವಳೇ ತಪ್ಪು ಒಪ್ಪಿಕೊಂಡಿದಾಳಲ್ಲ ಮೇಡಂ," ಅಂದ.

"ಅದೂ ಸರಿಯೇ," ಅಂದು ಹೊಂಬಾಳಮ್ಮ ಕಳೆದರು.

ಯತೀಶ್ ಗೆದ್ದ. ಅವನು ಮೆಡಿಕಲ್ಲಿಗೆ ಹೋಗೋನು, ಆ ಹಾಸ್ಟೆಲು ಅವನಿಗೆ ಬೇಕಿರಲಿಲ್ಲ. ಗೆದ್ದವರನ್ನ ಬಿಟ್ಟು ಇನ್ನೊಬ್ಬರಿಗೆ ಕೊಡೋಕೆ ಟ್ರಸ್ಟಿನ ನಿಯಮದಲ್ಲಿ ಅವಕಾಶ ಇರಲಿಲ್ಲ. ಹಾಸ್ಟೆಲಿನ ಆ ಮಂಚ ಆ ವರ್ಷ ಖಾಲಿ ಇರೋದೇ ಅಂತಾಯಿತು. ಎರಡನೇ ಬಹುಮಾನ ಅಂತ ಚಂದನಳಿಗೆ ಗೋಡೆ ಗಡಿಯಾರ ಕೊಟ್ಟರು. ಅದನ್ನ ಕೊಟ್ಟವನು ರವಿಚಂದ್ರನೇ. ಫೋಟೋದವನು ಇನ್ನೊಂಚೂರು ನಗಿ ಸಾರ್ ಅಂದ.

ಸಾಯಂಕಾಲ ಅದೇ ಬಸ್ಸು. ಅವನು ಬೇಕು ಅಂತಲೇ ಎಂದಿಗಿಂತ ಬೇಗ ಸ್ಟ್ಯಾಂಡಿಗೆ ಬಂದ, ಆದರೂ ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ಚಂದನ, ತೊಡೆಯ ಮೇಲೆ ಗಡಿಯಾರದ ಡಬ್ಬ. ಅಪ್ಪು ಬಾಯಿ ತೆಗೆಯೋ ಮುಂಚೆಯೇ ಅವನು, "ಬೇಡಪ್ಪ, ಅವಳು ಕೂತಿರ್ಲಿ. ನಾನು ನಿಂತ್ಕೋತೀನಿ," ಅಂದ. ಮೇಷ್ಟ್ರು ನಿಂತವರೆ ಅನ್ನೋ ಸುದ್ದಿ ಹಿಂದಿನ ಸೀಟಿನವರೆಗೂ ಹೋಯಿತು. ಹಾಲಿನ ಕ್ಯಾನಿನವನು ಎದ್ದ. ಮಗು ಎತ್ತಿಕೊಂಡಿದ್ದ ಹೆಂಗಸು ಎದ್ದಳು. ಕಾಲು ಮುರಿದು ಬ್ಯಾಂಡೇಜು ಸುತ್ತಿಸಿಕೊಂಡು ಬಂದಿದ್ದವನು ಒಂದು ಕಾಲಲ್ಲಿ ಎದ್ದ. ಸ್ವಲ್ಪ ಹೊತ್ತಿಗೆ ಇಡೀ ಬಸ್ಸೇ ಎದ್ದು ನಿಂತು, ಸೀಟುಗಳೆಲ್ಲ ಖಾಲಿಯಾಗಿ, ಯಾರೂ ಅಲ್ಲಾಡೋಕೆ ಜಾಗ ಇಲ್ಲದ ಹಾಗಾಯಿತು. "ಈಗ್ಲಾರ ಏಳೇ," ಅಂತ ಶಿವನಂಜಮ್ಮ ಗದರಿದಳು. "ಮೇಷ್ಟ್ರು ನಿಂತವ್ರೆ, ಒಳ್ಳೆ ಮಹರಾಣಿ ಕೂತಂಗೆ ಕೂತವ್ಳೆ." ಚಂದನ ಎದ್ದಳು. ಅವನು ಕೂತ. ಎಲ್ಲರೂ ಕೂತರು. ಸೀಟು ಬೆಳಿಗ್ಗೆಯಷ್ಟೇ ಬೆಚ್ಚಗಿತ್ತು. ಏನಾದರೂ ಅನ್ನಬೇಕು ಅಂತ, "ಮುಂದೇನಮ್ಮ?" ಅಂದ.

"ಪೂರಿಗಾಲೀಲಿ ಇಳ್ಕೋತೀನಿ ಸಾ," ಅಂದಳು.

ಮಾರನೇ ದಿನ ಅವನು ಹಾರನ್ ಆಗೋದಕ್ಕೆ ಮುಂಚೆ ಗೇಟಿಗೆ ಬಂದು ನಿಂತಿದ್ದ. ವೀಣ ಎರಡು ಸಲ ಬಂದು ನೋಡಿ, ಹುಷಾರಿಲ್ವಾ ಅಂತ ಹಣೆ ಮುಟ್ಟಿ ಹೋದಳು. ಅವನು ಮಾಡಿಕೊಂಡಿದ್ದ ತೀರ್ಮಾನ ತೀರಾ ದೊಡ್ಡದೇನಲ್ಲ, ಇಷ್ಟೇ: ಇನ್ನು ಮೇಲೆ ತನಗಾಗಿ ಈ ಬಸ್ಸು ನಿಲ್ಲಬಾರದು. ಒಬ್ಬ ಮನುಷ್ಯ ಮನಸ್ಸು ಮಾಡಿದರೆ ಆಗದ್ದೇನಿದೆ ಅಂತ ಅವನೇ ಎಷ್ಟು ಸಲ ಹೇಳಿಲ್ಲ. ಬಸ್ಸು ಬಂತು. ಎರಡು ಸಣ್ಣ ಹಾರನ್ ಹೊಡೀತು. ಅವನು ಎದುರಿಗೇ ನಿಂತಿದ್ದರೂ ಉದ್ದದ್ದೂ ಹೊಡೀತು. ಇಂಜಿನ್ ಆಫ್ ಆಯಿತು. ರಿಯಾಜ್ ಇಳಿದು ನಮಸ್ಕಾರ ಸಾ ಅಂತ ಪಟ್ಟಲಮ್ಮನ ಅಂಗಡಿ ಕಡೆ ನಡೆದ.

"ಏ ರಿಯಾಜ್, ನಾನು ಬಂದಿದೀನಲ್ಲಪ್ಪ. ಹೊರಡು."

"ನೀವು ಬಂದ್ರಿ ಸಾ. ಟೈಮ್ ಆಗ್ಬೇಕಲ್ಲ."

"ಯಾವ ಟೈಮು?"

"ನೀವು ಬರೋ ಟೈಮು," ಅಂದ ರಿಯಾಜ್, ಚಿಕ್ಕ ಹುಡುಗನಿಗೆ ಹೇಳೋ ಹಾಗೆ. ಪಟ್ಟಲಮ್ಮ ಅಂಗಡಿ ಒಳಗಿಂದಲೇ ಕೂಗಿದಳು, "ಈ ಬಸ್ಸು ಕಾಯ್ತದೆ ಅಂತ್ಲೇ ಕಣ್ ಬುದ್ಧಿ ನಾನು ಅಂಗ್ಡಿ ಮಡಗಿರದು. ಕುಂತ್ಕಳಿ, ನಿಮ್ಗೂ ಒಂದ್ ಲೋಟ ಕೊಡ್ತೀನಿ." ಹಾಲಿನವನು ಇನ್ನೂ ಆಚೆ ಹೊಲದ ಬದುವಿನ ಮೇಲೆ ನಿಧಾನಕ್ಕೆ ಬರ್ತಿದ್ದ, ಬಸ್ಸು ಹೋಗಲ್ಲ ಅಂತ ಅವನಿಗೆ ಗೊತ್ತು. ರವಿಚಂದ್ರ ಟೀ ಕುಡಿದ. ಅಷ್ಟರಲ್ಲಿ ಬಸ್ಸಿನಿಂದ ಚಂದನ ಇಳಿದಳು. ಪರೀಕ್ಷೆ ಇನ್ನೂ ಬಾಕಿ ಇತ್ತು, ಕಾಲೇಜಿಗೆ ಹೋಗ್ತಿದ್ದಳು. ಅವನ ಮುಂದೆಯೇ ಹಾದು, ಚೀಲ ಬೆನ್ನಿಗೇರಿಸಿ ಮಳವಳ್ಳಿ ಕಡೆ ನಡೆಯೋಕೆ ಶುರುಮಾಡಿದಳು.

"ಎಲ್ಲಿಗವ್ವೋ? ಇನ್ನೇನ್ ಒಂಟೋಯ್ತದೆ," ಅಂದ ಅಪ್ಪು.

"ನೀವು ಕಾದ್ಕೊಂಡ್ ಬನ್ನಿ ಅಣ್ಣ," ಅಂದಳು, ತಿರುಗದೆ.

ಬಸ್ಸು ತನ್ನ ಟೈಮಿಗೆ ಹೊರಟಿತು. ಅವನು ಮುಂದಿನ ಸೀಟಿನಲ್ಲಿ ಕೂತು ಗಾಜಿನಿಂದ ರಸ್ತೆ ನೋಡ್ತಾ ಇದ್ದ. ಕಬ್ಬಿನ ಗದ್ದೆ ಮುಗಿದು ಸೇತುವೆ ದಾಟಿದ ಮೇಲೆ ಅವಳು ಕಂಡಳು, ರಸ್ತೆಯ ಅಂಚಿನಲ್ಲಿ, ಬಿರಬಿರನೆ. ಬಸ್ಸಿನ ಸದ್ದಿಗೆ ಅವಳು ಕೈ ಅಡ್ಡ ಹಾಕಲಿಲ್ಲ, ಹಿಂದಕ್ಕೂ ನೋಡಲಿಲ್ಲ, ಸುಮ್ಮನೆ ಮಣ್ಣಿಗೆ ಇಳಿದು ದಾರಿ ಬಿಟ್ಟಳು.

"ನಿಲ್ಸಪ್ಪ, ಆ ಹುಡುಗಿ," ಅಂದ ರವಿಚಂದ್ರ.

"ಕೈ ತೋರ್ಸ್ಲಿಲ್ವಲ್ಲ ಸಾ," ಅಂದ ರಿಯಾಜ್ ಗೇರು ಬದಲಾಯಿಸ್ತಾ. "ಆಗ್ಲೇ ಲೇಟಾಗದೆ."

ಅವಳು ಕಿಟಕಿಯ ಪಕ್ಕಕ್ಕೆ ಬಂದು, ಹಾದು, ಹಿಂದೆ ಉಳಿದಳು. ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡಾಗ ಅವಳು ನಡೆಯೋದು ಇನ್ನೂ ಚೆನ್ನಾಗಿ ಕಂಡಿತು, ಮತ್ತು ಮುಂದಿನ ವರ್ಷ ಮಕ್ಕಳಿಗೆ ಹೇಳೋಕೆ ಎಂಥ ಒಳ್ಳೇ ಉದಾಹರಣೆ ಇದು ಅಂತ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆ ಎರಡು ಸ್ಟಾಪು ಇತ್ತು. ಮಳವಳ್ಳಿ ಬರೋ ಹೊತ್ತಿಗೆ ಅವನ ಉದಾಹರಣೆಯೊಳಗೆ ಅವಳು ಪೂರಿಗಾಲಿಯಿಂದಲೇ ನಡೆದಿದ್ದಳು, ದಿನಾ ನಡೀತಿದ್ದಳು, ಕಾಲಿಗೆ ಚಪ್ಪಲಿಯೂ ಇರಲಿಲ್ಲ.